ನೋವು ಹೋಗಲಿಲ್ಲ, ಬದುಕು ಸುಧಾರಿಸ್ತು

ಮನೆಯಲ್ಲಿ ಯಾರಿಗಾದ್ರೂ ದೀರ್ಘಕಾಲದ ಕಾಯಿಲೆ ಇದ್ರೆ ನಿಮಗೆ ಗೊತ್ತು: ಡಾಕ್ಟರ್ ಸಿಗೋದು ಹತ್ತು ನಿಮಿಷ, ಕಾಯಿಲೆ ಇರೋದು ದಿನವಿಡೀ. ಉಳಿದ ಹೊತ್ತನ್ನು ನಿಭಾಯಿಸೋದು ಹೇಗೆ ಅಂತ ಕಲಿಸಬಹುದಾ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೇಟ್ ಲೋರಿಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ರು. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು, ಸಂಧಿವಾತ, ಇವುಗಳಲ್ಲಿ ಒಂದಾದ್ರೂ ಇದ್ದ, 40 ತುಂಬಿದ 952 ಜನ. ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ 7 ವಾರ ತರಗತಿ. ವ್ಯಾಯಾಮ, ಊಟ, ಆಯಾಸ, ಡಾಕ್ಟರ್ ಹತ್ರ ಮಾತಾಡೋ ರೀತಿ ಎಲ್ಲವೂ ಅಲ್ಲಿತ್ತು. ನಡೆಸಿಕೊಟ್ಟವರು ತರಬೇತಿ ಪಡೆದ ಸಾಮಾನ್ಯ ಜನ. ಅವರಲ್ಲೂ ಹಲವರಿಗೆ ಕಾಯಿಲೆ ಇತ್ತು.

ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದಕ್ಕೆ ತಕ್ಷಣ ತರಗತಿ, ಇನ್ನೊಂದಕ್ಕೆ 6 ತಿಂಗಳು ಕಾಯುವಿಕೆ. ಹೋಲಿಸೋಕೆ ಇನ್ನೊಂದು ಗುಂಪು ಇಲ್ಲದೆ 'ಗುಣ ಕಂಡ್ತು' ಅಂದ್ರೆ, ಅದು ಜಮಾ ಬರೆದು ಖರ್ಚು ಬಿಟ್ಟ ಲೆಕ್ಕ!

1999ರಲ್ಲಿ ಫಲಿತಾಂಶ ಪ್ರಕಟವಾಯ್ತು. ತರಗತಿಗೆ ಹೋದವರಲ್ಲಿ ವ್ಯಾಯಾಮ ಹೆಚ್ಚಿತ್ತು, ಆಯಾಸ ಕಡಿಮೆಯಾಗಿತ್ತು, ಆಸ್ಪತ್ರೆ ಸೇರಿದ್ದೂ ಕಡಿಮೆ. ಆದ್ರೆ ನೋವು ಮತ್ತು ಉಸಿರಾಟದ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

2002ರಲ್ಲಿ ಇಂಗ್ಲೆಂಡ್ ತನ್ನ ಸರ್ಕಾರಿ ಆರೋಗ್ಯ ಸೇವೆಯಲ್ಲೂ ಇದೇ ಮಾದರಿಯ ತರಗತಿಗಳನ್ನ ಶುರು ಮಾಡ್ತು. ಅಲ್ಲಿನ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು: ಆತ್ಮವಿಶ್ವಾಸ, ಚೈತನ್ಯ ಹೆಚ್ಚಿದ್ವು, ಡಾಕ್ಟರ್ ಬಳಿ ಹೋಗೋದು ಮಾತ್ರ ಕಡಿಮೆಯಾಗಲಿಲ್ಲ.

ಹಾಗಾದ್ರೆ ಸೋಲಾ? ನನಗೆ ಹಾಗನ್ನಿಸಲ್ಲ. ಸರ್ಕಾರಕ್ಕೆ ದುಡ್ಡು ಉಳಿಯದಿದ್ರೂ, ರೋಗಿಗೆ ತನ್ನ ದಿನ ಸ್ವಲ್ಪ ತನ್ನ ಕೈಗೆ ಬಂದ್ರೆ ಅದೂ ಲಾಭವೇ. ಯಾರ ಲಾಭ ಅಂತ ಮೊದಲು ಕೇಳ್ಬೇಕು, ಅಷ್ಟೇ.