ಮೂಲೆಯಲ್ಲಿರುವ ಇಸವಿ

1920ರ ದಶಕದ ಜರ್ಮನ್ ಡ್ರಾಯಿಂಗೊಂದರಲ್ಲಿ ಶಾಫ್ಟ್‌ನ ಅಳತೆ '25 ಎಚ್' ಎಂದಿದೆ ಎನ್ನಿ. ಈಗಿನವರು ಅದನ್ನು ಎಚ್6 ಎಂದು ಓದಿ, 25 ಮಿ.ಮೀ.ಗಿಂತ 0ಯಿಂದ 13 ಮೈಕ್ರಾನ್ ಕಡಿಮೆ ಇಟ್ಟು ಗ್ರೈಂಡ್ ಮಾಡಿದರೆ ಗೇರ್ ಸಡಿಲವಾಗಿಯೇ ಕೂರುತ್ತದೆ. ಆಗಿನ ಎಚ್ 'ಹಾಫ್ಟ್‌ಜಿಟ್ಸ್', ಅಂದರೆ ಸುತ್ತಿಗೆಯಿಂದ ತಟ್ಟಿ ಕೂರಿಸುವ ಬಿಗಿ ಫಿಟ್. ಇವತ್ತಿನ ಲೆಕ್ಕದಲ್ಲಿ ಅದು ಸರಿಸುಮಾರು ಕೆ6, 25 ಮಿ.ಮೀ.ಗೆ 2ರಿಂದ 15 ಮೈಕ್ರಾನ್ ಹೆಚ್ಚು. ಹಳೆಯ ಡ್ರಾಯಿಂಗ್ ಬಿಡಿಸಿದ ಕೂಡಲೇ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಇಸವಿ ಹುಡುಕಬೇಕಾದದ್ದು ಇದಕ್ಕೇ.

ಈ ಗುರುತುಗಳ ಬೇರು ಮೊದಲ ಮಹಾಯುದ್ಧದಲ್ಲಿದೆ. ಬೇರೆ ಬೇರೆ ಕಾರ್ಖಾನೆಗಳು ಮಾಡಿದ ಶಸ್ತ್ರಾಸ್ತ್ರಗಳ ಬಿಡಿಭಾಗಗಳು ಒಂದಕ್ಕೊಂದು ಹೊಂದಲೇಬೇಕಿತ್ತು. ಬರ್ಲಿನ್ ಪಕ್ಕದ ಸ್ಪಾಂಡೌನಲ್ಲಿದ್ದ ಸೈನ್ಯದ ತಯಾರಿಕಾ ಕಚೇರಿ ಅದರ ಬೆನ್ನು ಹತ್ತಿತು. 1917ರ ಡಿಸೆಂಬರ್ 22ರಂದು ಇಡೀ ಜರ್ಮನ್ ಕೈಗಾರಿಕೆಗಾಗಿ ಮಾನಕ ಸಮಿತಿ ಹುಟ್ಟಿತು. ಇಂದಿನ ಡಿನ್ ಸಂಸ್ಥೆಯ ಮೂಲ ಅದೇ. 1918ರ ಮಾರ್ಚಿನಲ್ಲಿ ಹೊರಬಂದ ಮೊದಲ ಮಾನಕ, ಡಿನ್ 1, ಟೇಪರ್ ಪಿನ್ನಿಗೆ ಸಂಬಂಧಿಸಿದ್ದು.

ಫಿಟ್‌ಗಳಿಗೆ ನಾಲ್ಕು ದರ್ಜೆಗಳಿದ್ದವು: ಎಡೆಲ್, ಫೈನ್, ಶ್ಲಿಖ್ಟ್, ಗ್ರೋಬ್. ಬೋರಿಗೆ 'ಬಿ' ಅಕ್ಷರ. 'ಇಬಿ' ಎಂದರೆ ಎಡೆಲ್, ಬರೀ 'ಬಿ' ಎಂದರೆ ಫೈನ್. ಶಾಫ್ಟಿಗೆ 'ಜಿ' ಬಂದರೆ ಜಾರುವ ಫಿಟ್, 'ಎಲ್' ಬಂದರೆ ತಿರುಗುವ ಫಿಟ್. 1926ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಐಎಸ್‌ಎ ಮುಂದೆ ಅಕ್ಷರದ ಜೊತೆ ಅಂಕಿ ಇಡುವ ಎಚ್7/ಜಿ6 ಪದ್ಧತಿಯನ್ನು ತಂದಿತು. ಆದರೆ ಹಳೆಯ ಯಂತ್ರಗಳು ಓಡುತ್ತಲೇ ಇದ್ದವು. ಎರಡೂ ಗುರುತುಗಳನ್ನು ಅಕ್ಕಪಕ್ಕ ಕೊಡುವ ಕೋಷ್ಟಕಗಳು ಕೈಪಿಡಿಗಳಲ್ಲಿ ದಶಕಗಳ ಕಾಲ ಉಳಿದವು. ಅಂಥ ಕೋಷ್ಟಕ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆಯೇ.

ಡ್ರಾಯಿಂಗಿನ ಟಿಪ್ಪಣಿಗಳಲ್ಲಿ ಹೆಚ್ಚಿನವು ಸುಲಭ. 'ಗೆಹೆರ್ಟೆಟ್' ಅಂದರೆ ಹಾರ್ಡನಿಂಗ್ ಆಗಬೇಕು, 'ಗೆಶ್ಲಿಫೆನ್' ಅಂದರೆ ಗ್ರೈಂಡಿಂಗ್. 12,5 ಎಂದು ಕಂಡರೆ ಹನ್ನೆರಡೂವರೆ. ನಾವು ಚುಕ್ಕಿ ಇಡುವ ಜಾಗದಲ್ಲಿ ಅವರದು ಅಲ್ಪವಿರಾಮ. ಟಾಲರೆನ್ಸ್ ಬರೆಯದೆ ಬಿಟ್ಟ 80 ಮಿ.ಮೀ. ಅಳತೆಯೂ ಹೇಗೋ ಇರಲಿ ಎಂದು ಬಿಟ್ಟದ್ದಲ್ಲ. ಕೆಳಗೆ 'ಡಿನ್ 7168 ಮಿಟ್ಟೆಲ್' ಎಂದಿದ್ದರೆ ಅದಕ್ಕೆ ±0.3 ಮಿ.ಮೀ. ಮಿತಿ ಇದ್ದೇ ಇದೆ. ಎಚ್ಚರ ಬೇಕಾದದ್ದು 'ಬೈಮ್ ತ್ಸುಸಾಮೆನ್‌ಬೌ ಗೆಬೋರ್ಟ್' ಎಂಬ ಟಿಪ್ಪಣಿಗೆ: ಆ ತೂತನ್ನು ಜೋಡಣೆಯ ಹೊತ್ತಿನಲ್ಲಿ, ಎರಡೂ ಭಾಗಗಳನ್ನು ಒಟ್ಟಿಗೆ ಹಿಡಿದು ಕೊರೆಯಬೇಕು. ಡ್ರಾಯಿಂಗ್ ನೋಡಿಕೊಂಡು ಮೊದಲೇ ಬೇರೆ ಬೇರೆಯಾಗಿ ಕೊರೆದರೆ ಪಿನ್ ಕೂರುವುದಿಲ್ಲ.

ಇಂಥ ಡ್ರಾಯಿಂಗ್‌ಗಳು ನಮ್ಮ ಕೈಗೂ ಸಿಗಬಹುದು; ಬೆಂಗಳೂರಿಗೆ ಜರ್ಮನ್ ಎಂಜಿನಿಯರಿಂಗ್ ಹೊಸದೇನಲ್ಲ. 1951ರಲ್ಲಿ ಬಾಷ್ ಸಹಯೋಗದ ಮೈಕೋ ಆರಂಭವಾಯಿತು. ಎಚ್‌ಎಂಟಿ ಮಿಲ್ಲಿಂಗ್ ಯಂತ್ರಗಳಿಗಾಗಿ ಫ್ರಿಟ್ಸ್ ವರ್ನರ್ ಕಂಪನಿಯ ಜೊತೆ ಕೈಜೋಡಿಸಿತು. 1956ರಲ್ಲಿ ಎಚ್‌ಎಎಲ್‌ಗೆ ಬಂದ ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ಮಾರುತ್ ಯುದ್ಧವಿಮಾನ ವಿನ್ಯಾಸಗೊಳಿಸಿತು. ಅದು 1961ರ ಜೂನ್‌ನಲ್ಲಿ ಹಾರಿತು.

ನಮ್ಮ ಡ್ರಾಯಿಂಗ್ ತರಗತಿಗಳಲ್ಲಿ ಕಲಿಸುತ್ತಿದ್ದ ಸರ್ಫೇಸ್ ಫಿನಿಶ್ ತ್ರಿಕೋನಗಳು ಜರ್ಮನ್ ಹಾಳೆಗಳಲ್ಲೂ ಕಾಣುತ್ತವೆ. ತೊಡಕು ಶುರುವಾಗುವುದೇ ಅಲ್ಲಿ. ನಮ್ಮ ಪಠ್ಯದಲ್ಲಿ ಎರಡು ತ್ರಿಕೋನ ಎಂದರೆ 1.6ರಿಂದ 8 ಮೈಕ್ರಾನ್ ಸರಾಸರಿ ಒರಟುತನ. ಡಿನ್ 3141 ಅಳೆಯುತ್ತಿದ್ದದ್ದು ಅತಿ ಎತ್ತರದ ಏಣಿನಿಂದ ಅತಿ ಆಳದ ತಗ್ಗಿನವರೆಗೆ, ಅದೂ ನಾಲ್ಕು ಸಾಲುಗಳಲ್ಲಿ: ಅದೇ ಎರಡು ತ್ರಿಕೋನಕ್ಕೆ ಮೊದಲ ಸಾಲಿನಲ್ಲಿ 40 ಮೈಕ್ರಾನ್, ನಾಲ್ಕನೆಯದರಲ್ಲಿ 10. ಯಾವ ಸಾಲು ಎಂಬುದನ್ನು ಹಾಳೆಯ ಮೇಲೆ ಬರೆಯದಿದ್ದರೆ, ಆ ಮೇಲ್ಮೈ ಎದುರಿಗೆ ಏನು ಕೂರುತ್ತದೆ, ಬೇರಿಂಗೋ ಗ್ಯಾಸ್ಕೆಟ್ಟೋ ಎಂದು ಅಸೆಂಬ್ಲಿ ಡ್ರಾಯಿಂಗಿನಲ್ಲೇ ಹುಡುಕಬೇಕು.