ಬಿಳಿಗಿರಿರಂಗನ ಬೆಟ್ಟ: ಬಿಳಿ ಬಂಡೆಗೆ ಬಂದ ಹೆಸರು, ಸೋಲಿಗರ ಮನೆಗೆ ಬಂದ ಅಳಿಯ

ಯಳಂದೂರು: ಚಾಮರಾಜನಗರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಬಿಳಿಗಿರಿರಂಗನ ಬೆಟ್ಟ ಅಂದರೆ ಬರೀ ಪ್ರವಾಸಿ ತಾಣ ಅಲ್ಲ. ಮನೆ ದೇವರು, ಹರಕೆ, ಜಾತ್ರೆ ಎಲ್ಲವೂ ಅದೇ. ಆದರೆ ಈ ಹೆಸರು ಹೇಗೆ ಬಂತು ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬೆಟ್ಟದ ಪಶ್ಚಿಮಕ್ಕೆ ಕಡಿದಾದ ಬಿಳಿ ಬಂಡೆಯಿದೆ. ಅದರ ಅಂಚಿನಲ್ಲೇ ರಂಗನಾಥಸ್ವಾಮಿ ದೇವಸ್ಥಾನ. ಬಂಡೆಯ ಬಣ್ಣದಿಂದಲೇ ‘ಬಿಳಿ ಗಿರಿ’ ಆಯಿತು ಎನ್ನುವುದು ಒಂದು ಮಾತು. ವರ್ಷದ ಬಹುಪಾಲು ಬೆಟ್ಟವನ್ನು ಮುಚ್ಚುವ ಬಿಳಿ ಮಂಜಿನಿಂದ ಬಂತು ಎನ್ನುವವರೂ ಇದ್ದಾರೆ. ಸಂಸ್ಕೃತದಲ್ಲಿ ಇದೇ ಶ್ವೇತಾದ್ರಿ.

ರಂಗಪ್ಪ ನಮ್ಮ ಭಾವ

ಕಾಡಿನ ಮೂಲ ನಿವಾಸಿಗಳಾದ ಸೋಲಿಗರ ಕಥೆಯೇ ಬೇರೆ. ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತು ಮದುವೆಯಾದ. ಹಾಗಾಗಿ ದೇವರು ಅವರಿಗೆ ‘ಭಾವ’. ಕೈಮುಗಿಯುವುದರ ಜೊತೆಗೆ ಭಾವನೆಂಬ ಸಲಿಗೆಯಿಂದ ತಮಾಷೆ ಮಾಡಿ, ಬೈದು ಹಾಡುವುದೂ ಉಂಟು.

ಸ್ವಾಮಿಗೆ ಚಪ್ಪಲಿ ಅರ್ಪಿಸುವ ಪದ್ಧತಿಯೂ ಇಲ್ಲಿಯದೇ. ಬೂದಿತಿಟ್ಟು ಗ್ರಾಮದವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಚಪ್ಪಲಿ ಮಾಡಿ ಒಪ್ಪಿಸುತ್ತಾರೆ. ರಂಗಪ್ಪ ಅದನ್ನು ಮೆಟ್ಟಿ ರಾತ್ರಿ ಕಾಡು ಸುತ್ತುತ್ತಾನೆ, ಅದಕ್ಕೇ ಚಪ್ಪಲಿ ಸವೆಯುತ್ತೆ ಎಂಬುದು ನಂಬಿಕೆ. ಕಾಡೊಳಗಿನ ದೊಡ್ಡ ಸಂಪಿಗೆ ಮರವೂ ಸೋಲಿಗರಿಗೆ ದೇವರೇ.

ಕಥೆಯ ಹಿಂದಿನ ಹಕ್ಕು

ಇದು ಬರೀ ಅಜ್ಜಿ ಕಥೆ ಅಂತ ತಳ್ಳಿಹಾಕುವಂತಿಲ್ಲ. 1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಸೋಲಿಗರ ಬೇಸಾಯಕ್ಕೆ, ಬೇಟೆಗೆ ತಡೆ ಬಿತ್ತು. ಕಾಡಿನೊಳಗಿದ್ದ ಹಲವು ಪೋಡುಗಳ ಜನ ಜಾಗ ಬಿಡಬೇಕಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಮೊದಲಿಗರು ಇವರು. ಜೇನು, ನೆಲ್ಲಿಕಾಯಿ ಸಂಗ್ರಹ ಇವರ ಜೀವನಾಧಾರ.

ಆ ಹಕ್ಕು ಕೇಳುವಾಗ ತಮ್ಮ ದೇವರ ಜಾಗಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡಿದ್ದು ಸೋಲಿಗರಿಗೆ ನೆರವಾಯಿತು. ಯಾವ ಬಂಡೆಗೆ, ಯಾವ ಹಳ್ಳಕ್ಕೆ, ಯಾವ ಮರಕ್ಕೆ ಏನು ಹೆಸರು ಎಂಬುದು ಅವರ ಹಿರಿಯರ ಬಾಯಲ್ಲೇ ಉಳಿದಿತ್ತು.

ಹೋಗುವವರ ಗಮನಕ್ಕೆ

ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿ.ಮೀ. ದಾರಿ ಹುಲಿ, ಆನೆ ಓಡಾಡುವ ಕಾಡಿನಲ್ಲೇ ಸಾಗುತ್ತದೆ. ಕತ್ತಲಾಗುವ ಮೊದಲೇ ಇಳಿಯುವುದು ಒಳ್ಳೆಯದು. ನಡುದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ, ಕೋತಿಗಳಿಗೆ ತಿಂಡಿ ಹಾಕಬೇಡಿ. ಜಾತ್ರೆಗೆ ಅಂಗಡಿ ಹಾಕುವವರು ಪ್ಲಾಸ್ಟಿಕ್ ಕವರ್ ಬದಲು ಪೇಪರ್, ಬಟ್ಟೆ ಚೀಲ ಇಟ್ಟುಕೊಂಡರೆ ಭಾವನ ಕಾಡೂ ಉಳಿಯುತ್ತೆ, ವ್ಯಾಪಾರವೂ ನಡೆಯುತ್ತೆ.