ಆನ್‌ಲೈನ್ ಗಿಲ್ಡ್: ಸೇರುವ ಮುನ್ನ ಅರಿಯಬೇಕಾದ ಸಂಗತಿಗಳು

ಜಂಗಮಕೋಟೆ: ಒಂದು ಸಂಘ ಯಾವುದರಿಂದ ನಿಲ್ಲುತ್ತದೆ, ಯಾವುದರಿಂದ ಮುರಿಯುತ್ತದೆ ಎಂಬುದನ್ನು ಶಿಡ್ಲಘಟ್ಟ ತಾಲ್ಲೂಕಿನ ಹಾಲು ಉತ್ಪಾದಕರಿಗೆ ವಿವರಿಸಬೇಕಾಗಿಲ್ಲ. ಅಳತೆ ಸರಿಯಿರಬೇಕು, ಬಟವಾಡೆ ಹೊತ್ತಿಗೆ ಸರಿಯಾಗಿ ಆಗಬೇಕು, ಲೆಕ್ಕ ಎಲ್ಲರ ಕಣ್ಣಿಗೂ ಬೀಳಬೇಕು. ಅದೇ ಮನೆಗಳ ಮಕ್ಕಳು ಮೊಬೈಲ್ ಮತ್ತು ಕಂಪ್ಯೂಟರ್‌ಗಳಲ್ಲಿ ಸೇರುತ್ತಿರುವ ಆಟದ ಸಂಘಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ.

ಏನಿದು ಗಿಲ್ಡ್?

ಅಂತರಜಾಲದ ಮೂಲಕ ಹಲವರು ಒಟ್ಟಾಗಿ ಆಡುವ ಆಟಗಳಲ್ಲಿ ಆಟಗಾರರು ಕಟ್ಟಿಕೊಳ್ಳುವ ಶಾಶ್ವತ ಗುಂಪೇ ಗಿಲ್ಡ್. ಕೆಲವು ಆಟಗಳಲ್ಲಿ ಇದಕ್ಕೆ ಕ್ಲ್ಯಾನ್ ಎಂಬ ಹೆಸರಿದೆ. ಮೂಲದಲ್ಲಿ ಈ ಪದ ವರ್ತಕರ ಹಾಗೂ ಕುಶಲಕರ್ಮಿಗಳ ಸಂಘವನ್ನು ಸೂಚಿಸುತ್ತಿತ್ತು. ಕನ್ನಡಿಗರಿಗೆ ಇದು ಹೊಸ ಕಲ್ಪನೆಯೇನಲ್ಲ. ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ತನ್ನದೇ ಕಟ್ಟುಪಾಡುಗಳೊಂದಿಗೆ ಶತಮಾನಗಳ ಕಾಲ ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸಿತು. ಸುಮಾತ್ರಾ ದ್ವೀಪದಲ್ಲಿ ದೊರೆತಿರುವ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ.

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಹಾಗೂ 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಗಳು ಗಿಲ್ಡ್‌ಗಳನ್ನು ಜನಪ್ರಿಯಗೊಳಿಸಿದವು. ವಾರ್‌ಕ್ರಾಫ್ಟ್‌ನ ಆರಂಭದ ದಿನಗಳಲ್ಲಿ ಕಠಿಣ ಘಟ್ಟಗಳನ್ನು ದಾಟಲು 40 ಮಂದಿ ಏಕಕಾಲದಲ್ಲಿ ಹಾಜರಿರಬೇಕಿತ್ತು. 2012ರಲ್ಲಿ ಬಂದ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಈ ಪದ್ಧತಿಯನ್ನು ಮೊಬೈಲ್‌ಗೆ ತಂದಿತು. ಅಲ್ಲಿ ಒಂದು ಗುಂಪಿನಲ್ಲಿ 50 ಜನರಿಗಷ್ಟೇ ಅವಕಾಶ. ನಾಯಕ, ಸಹನಾಯಕ, ಹಿರಿಯ, ಸದಸ್ಯ ಎಂಬ ನಾಲ್ಕು ಹಂತಗಳಿವೆ.

ಮುರಿಯುವುದೇಕೆ?

ಅಮೆರಿಕದ ಪಾರ್ಕ್ ಸಂಶೋಧನಾ ಕೇಂದ್ರದ ತಂಡವೊಂದು ವಾರ್‌ಕ್ರಾಫ್ಟ್‌ನ ಐದು ಸರ್ವರ್‌ಗಳಿಂದ ವರ್ಷಕ್ಕೂ ಹೆಚ್ಚು ಕಾಲ ಮಾಹಿತಿ ಸಂಗ್ರಹಿಸಿ, 2007ರಲ್ಲಿ ಅಧ್ಯಯನ ವರದಿ ಮಂಡಿಸಿತು. ಗಿಲ್ಡ್ ನಡೆಸುವುದು ಬಲು ಕಷ್ಟದ ಕೆಲಸ, ಬಹಳಷ್ಟು ಗಿಲ್ಡ್‌ಗಳು ಹೆಚ್ಚು ಕಾಲ ಬಾಳುವುದಿಲ್ಲ ಎಂಬ ಅಂಶ ಅದರಲ್ಲಿತ್ತು.

ಗುಂಪು ಒಡೆಯಲು ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಎಲ್ಲ ಅಧಿಕಾರವೂ ಒಬ್ಬನ ಕೈಯಲ್ಲಿದ್ದು, ಆತ ಪರೀಕ್ಷೆಯ ಕಾರಣಕ್ಕೋ ಉದ್ಯೋಗದ ಕಾರಣಕ್ಕೋ ಆಟ ಬಿಡುವುದು ಮೊದಲನೆಯದು. ಗೆದ್ದ ವಸ್ತುಗಳ ಹಂಚಿಕೆಯಲ್ಲಿ ಪಕ್ಷಪಾತ ನಡೆಯುವುದು ಎರಡನೆಯದು. ಬಿಡುವಿನ ವೇಳೆಯ ವಿನೋದಕ್ಕೆ ಬಂದವರನ್ನೂ ಸ್ಪರ್ಧೆಗೆಂದೇ ಬಂದವರನ್ನೂ ಒಂದೇ ನಿಯಮದಲ್ಲಿ ಕಟ್ಟಿಹಾಕುವುದು ಮೂರನೆಯದು.

ನಾಲ್ಕನೆಯ ಕಾರಣವೊಂದನ್ನು ಭಾರತದ ಆಟಗಾರರು ಅನುಭವದಿಂದಲೇ ಕಲಿತರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿರ್ಬಂಧಿಸಿತು. 2021ರ ಜುಲೈನಲ್ಲಿ ಅದರ ಭಾರತೀಯ ಆವೃತ್ತಿ ಬಿಜಿಎಂಐ ಬಂದಿತಾದರೂ 2022ರ ಜುಲೈನಲ್ಲಿ ಅದೂ ಆ್ಯಪ್ ಮಳಿಗೆಗಳಿಂದ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಆಟ ನಿಂತರೆ ಅದರೊಳಗಿನ ಸದಸ್ಯರ ಪಟ್ಟಿ, ಹರಟೆ, ಪದವಿಗಳೆಲ್ಲವೂ ಕೈಗೆ ಸಿಗದಾಗುತ್ತವೆ. ಆಟದ ಹೊರಗೆ ಡಿಸ್ಕಾರ್ಡ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಸಂಪರ್ಕವಿಟ್ಟುಕೊಂಡ ಗುಂಪು ಮಾತ್ರ ಮತ್ತೊಂದು ಆಟಕ್ಕೆ ಒಟ್ಟಾಗಿ ಹೊರಡಬಲ್ಲದು.

ಗಟ್ಟಿ ಗಿಲ್ಡ್‌ನ ಲಕ್ಷಣಗಳು

* ನಿಯಮಗಳು ಲಿಖಿತ ರೂಪದಲ್ಲಿದ್ದು, ಸೇರುವ ಮೊದಲೇ ಓದಲು ಸಿಗುತ್ತವೆ. ಆಟದ ದಿನ ಹಾಗೂ ವೇಳೆ ನಿಗದಿಯಾಗಿರುತ್ತದೆ.

* ನಾಯಕನ ಗೈರುಹಾಜರಿಯಲ್ಲಿ ಹೊಣೆ ಹೊರಬಲ್ಲ ಇಬ್ಬರು-ಮೂವರು ಸಹನಾಯಕರಿರುತ್ತಾರೆ.

* ಹಂಚಿಕೆಗೆ ಬಹಿರಂಗ ಲೆಕ್ಕವಿರುತ್ತದೆ. ಹಾಜರಾತಿಗೆ ಅಂಕ ನೀಡಿ, ಆ ಅಂಕಗಳ ಆಧಾರದ ಮೇಲೆ ವಸ್ತು ಹಂಚುವ ಪದ್ಧತಿ ಎವರ್‌ಕ್ವೆಸ್ಟ್ ಕಾಲದಿಂದಲೂ ಇದೆ. ವಾರ್‌ಕ್ರಾಫ್ಟ್ 2007ರಲ್ಲಿ ತಂದ ಗಿಲ್ಡ್ ಬ್ಯಾಂಕ್‌ನಲ್ಲಿ ಯಾರು ಏನು ಇಟ್ಟರು, ಏನು ತೆಗೆದರು ಎಂಬುದು ದಾಖಲಾಗುತ್ತದೆ.

* ಹೊಸಬರಿಗೆ ಕಲಿಸುವವರಿರುತ್ತಾರೆ. ಸೋತ ದಿನ ಬೈಗುಳದ ಬದಲು ತಪ್ಪಿನ ಚರ್ಚೆ ನಡೆಯುತ್ತದೆ.

* ಪರೀಕ್ಷೆ, ಪಾಳಿ ಕೆಲಸ ಅಥವಾ ಮನೆಯ ಕಾರ್ಯಕ್ಕೆ ರಜೆ ಕೇಳಿದರೆ ಸ್ಥಾನ ಕಳೆದುಕೊಳ್ಳುವ ಭಯವಿರುವುದಿಲ್ಲ.

ಇವುಗಳನ್ನು ಪರೀಕ್ಷಿಸಲು ಒಂದೆರಡು ವಾರ ಸಾಕು. ಸೇರಿದ ಮೊದಲ ದಿನಗಳಲ್ಲಿ ಹಳೆಯ ಸದಸ್ಯರು ಎಷ್ಟು ಕಾಲದಿಂದ ಇದ್ದಾರೆ, ಬಿಟ್ಟುಹೋದವರ ಬಗ್ಗೆ ಉಳಿದವರು ಹೇಗೆ ಮಾತನಾಡುತ್ತಾರೆ ಎಂಬುದನ್ನು ಗಮನಿಸಿದರೆ ಗುಂಪಿನ ಸ್ವಭಾವ ತಿಳಿದುಬರುತ್ತದೆ.

ಹಣದ ಮಾತು ಬಂದರೆ ಎಚ್ಚರ

ಖಾತೆಯ ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವ, ‘ಪ್ರವೇಶ ಶುಲ್ಕ’ವನ್ನು ಯುಪಿಐ ಮೂಲಕ ಕಳುಹಿಸುವಂತೆ ಹೇಳುವ, ಆಡಿದರೆ ಸಂಪಾದನೆ ಖಚಿತವೆಂದು ಭರವಸೆ ನೀಡುವ ಗುಂಪಿನಿಂದ ದೂರವಿರುವುದೇ ಲೇಸು. ಆಟದಿಂದಲೇ ಗಳಿಕೆ ಎಂಬ ಮಾತಿನ ಮೇಲೆ ಫಿಲಿಪ್ಪೀನ್ಸ್ ಮೊದಲಾದೆಡೆ ಗಿಲ್ಡ್‌ಗಳು ಬೆಳೆದದ್ದು ಆ್ಯಕ್ಸಿ ಇನ್ಫಿನಿಟಿ ಎಂಬ ಆಟದ ಸುತ್ತ. ಅದರ ಟೋಕನ್ ಬೆಲೆ ಕುಸಿದಾಗ ಗಳಿಕೆಯೂ ಕುಸಿಯಿತು. 2022ರ ಮಾರ್ಚ್‌ನಲ್ಲಿ ಅದರ ಹಣದ ಜಾಲಕ್ಕೇ ಕನ್ನ ಬಿದ್ದಿತು.

ಕಾನೂನಿನ ಗೆರೆಯೂ ಇಲ್ಲಿ ಮುಖ್ಯ. ಪಣದ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಜೊತೆಗೆ ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಪ್ರತ್ಯೇಕವಾಗಿ ಗುರುತಿಸಿದೆ. ಆದ್ದರಿಂದ ಗಿಲ್ಡ್ ಸೇರುವುದು ತಪ್ಪಲ್ಲ. ಅದರ ಹೆಸರಿನಲ್ಲಿ ಪಣ ಕಟ್ಟಿಸುವವರ ಬಲೆಗೆ ಬೀಳಬಾರದು.

ವಂಚನೆಗೊಳಗಾದವರು ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಮಕ್ಕಳು ಗಿಲ್ಡ್ ಸೇರಿದ್ದರೆ ಅದರ ಹೆಸರು, ನಾಯಕ ಯಾರು, ಆಟದ ವೇಳೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಪೋಷಕರು ಕೇಳಿ ತಿಳಿದಿರುವುದು ಒಳಿತು.